ನಾನೇ ಜೋಡಿಸಿದ ಪಿಸಿಗೆ ಮ್ಯಾಕ್ ಓಎಸ್ ಹಾಕಿದ್ದು

2020ರ ಬೇಸಿಗೆ. ಲಾಕ್‌ಡೌನ್ ಆಗಿ ಮದುವೆ ಶೂಟಿಂಗ್ ಎಲ್ಲ ನಿಂತಿತ್ತು. ಹಿಂದಿನ ಸೀಸನ್ನಿನ ಆರು ಮದುವೆಗಳು ಎಡಿಟ್ ಆಗದೆ ಹಾರ್ಡ್‌ಡಿಸ್ಕಿನಲ್ಲಿ ಕೂತಿದ್ದವು. ನನಗೆ ಫೈನಲ್ ಕಟ್ ಪ್ರೋ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲೇ ಕೆಲಸ ಮಾಡಬೇಕಿತ್ತು. ಆಗ ಅದು ನಡೆಯುತ್ತಿದ್ದದ್ದು ಆಪಲ್‌ನ ಮ್ಯಾಕ್ ಕಂಪ್ಯೂಟರಿನಲ್ಲಿ ಮಾತ್ರ. ಹೊಸ ಐಮ್ಯಾಕ್ ತರುವಷ್ಟು ದುಡ್ಡು ಆಗ ಇರಲಿಲ್ಲ. ಇದ್ದದ್ದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದೊಂದೇ ಪಾರ್ಟ್ ತಂದು ಮನೆಯಲ್ಲಿ ಜೋಡಿಸಿದ ಪಿಸಿ. ಅದಕ್ಕೇ ಮ್ಯಾಕ್ ಓಎಸ್, ಅಂದರೆ ಮ್ಯಾಕ್ ನಡೆಸುವ ಆಪರೇಟಿಂಗ್ ಸಿಸ್ಟಂ, ಹಾಕಲು ಹೊರಟೆ.

ಆ ಪಾರ್ಟ್‌ಗಳನ್ನು ಸುಮ್ನೆ ಆರಿಸಿರಲಿಲ್ಲ. ಆಪಲ್ 2006ರಲ್ಲಿ ಇಂಟೆಲ್ ಚಿಪ್‌ಗೆ ಬಂದ ಮೇಲೆ ಮ್ಯಾಕ್‌ನ ಒಳಗಿನ ಪ್ರೊಸೆಸರ್ ನಮ್ಮ ಅಂಗಡಿಗಳಲ್ಲೂ ಸಿಗುವಂಥದ್ದೇ ಆಗಿತ್ತು. 2019ರ 27 ಇಂಚಿನ ಐಮ್ಯಾಕ್‌ನ ಒಂದು ಮಾದರಿಯಲ್ಲಿ ಐ5-9600ಕೆ ಇತ್ತು. ನಾನೂ ಅದನ್ನೇ ಕೊಂಡೆ. ಅದೇ ಐಮ್ಯಾಕ್‌ಗೆ ರೇಡಿಯಾನ್ ಪ್ರೋ 580ಎಕ್ಸ್ ಗ್ರಾಫಿಕ್ಸ್ ಬರುತ್ತಿತ್ತು, ನಾನು ಅದಕ್ಕೆ ಹತ್ತಿರದ ಆರ್‌ಎಕ್ಸ್ 580 ಕೇಳಿದೆ. ಅಂಗಡಿಯವರು "ಸರ್, ಅದೇ ರೇಟಿಗೆ ಜಿಟಿಎಕ್ಸ್ 1660 ಕೊಡ್ತೀನಿ, ಹೊಸದು" ಎಂದರು. ಅವರು ಹೇಳಿದ್ದು ಗೇಮ್ ಆಡುವವರಿಗೆ ಸರಿ. ಆದರೆ ಆ ಪೀಳಿಗೆಯ ಎನ್ವಿಡಿಯಾ ಕಾರ್ಡಿಗೆ ಮ್ಯಾಕ್ ಓಎಸ್‌ನಲ್ಲಿ ಡ್ರೈವರೇ ಇಲ್ಲ. ಎಷ್ಟೋ ಜನ ಕಾರ್ಡ್ ಮೊದಲು ಕೊಂಡು ಆಮೇಲೆ ಈ ವಿಷಯ ತಿಳಿದು ಪೇಚಾಡುತ್ತಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆಪಲ್ ಹೆಸರಿನ ಕಂಪ್ಯೂಟರಿಗೆ ಮಾತ್ರ ಹಾಕಬೇಕು ಎಂದು ಮ್ಯಾಕ್ ಓಎಸ್‌ನ ಲೈಸೆನ್ಸಿನಲ್ಲೇ ಬರೆದಿದೆ. ಹಾಗಾಗಿ ಏನೇ ಕೆಟ್ಟರೂ ಯಾರನ್ನೂ ಕೇಳುವ ಹಾಗಿಲ್ಲ. ಅಮೆರಿಕದ ಸೈಸ್ಟಾರ್ ಎಂಬ ಕಂಪನಿ 2008ರಲ್ಲಿ ಇಂಥ ಪಿಸಿಗಳನ್ನು ಮಾರಲು ಹೊರಟು ಕೋರ್ಟಿನಲ್ಲಿ ಆಪಲ್ ಎದುರು ಸೋತಿತು. ನಾನು ಮಾಡಿಕೊಂಡಿದ್ದು ನನ್ನ ಒಂದು ಮೆಷಿನ್‌ಗೆ. ದುಡ್ಡು ಕೊಡ್ತೀವಿ, ನಮಗೂ ಮಾಡಿಕೊಡಿ ಎಂದು ಬಂದವರಿಗೆಲ್ಲ ಇಲ್ಲ ಎಂದಿದ್ದೇನೆ.

ಕೆಲಸದ ಸಾರ ಇಷ್ಟು. ಓಪನ್‌ಕೋರ್ ಎಂಬ ಬೂಟ್‌ಲೋಡರ್ ಪಿಸಿ ಆನ್ ಆದ ಕೂಡಲೇ ಮುಂದೆ ಬಂದು, ಈ ಮೆಷಿನ್ ಐಮ್ಯಾಕ್ 19,1 (ಆ 2019ರ ಐಮ್ಯಾಕ್‌ನ ಮಾದರಿ ಹೆಸರು) ಎಂದು ಮ್ಯಾಕ್ ಓಎಸ್‌ಗೆ ಹೇಳುತ್ತದೆ. ಗ್ರಾಫಿಕ್ಸಿಗೆ ವಾಟೆವರ್‌ಗ್ರೀನ್, ಸೌಂಡಿಗೆ ಆಪಲ್‌ಎಎಲ್‌ಸಿ, ಹೀಗೆ ಬೇಕಾದ ಕೆಕ್ಸ್ಟ್‌ಗಳನ್ನು, ಅಂದರೆ ಮ್ಯಾಕ್ ಓಎಸ್‌ನ ಡ್ರೈವರಿನಂಥ ಫೈಲುಗಳನ್ನು, ಸೇರಿಸುತ್ತದೆ. ಇದರ ಹಣೆಬರಹ ಎಲ್ಲ ಕಾನ್ಫಿಗ್ ಪಿಲಿಸ್ಟ್ ಎಂಬ ಒಂದೇ ಫೈಲಿನಲ್ಲಿದೆ.

ನಾನು ಮಾಡಿದ ಮೊದಲ ತಪ್ಪು ಆ ಫೈಲಿನದ್ದೇ. ಇನ್ಯಾರೋ ತಮ್ಮ ಪಿಸಿಗೆಂದು ಮಾಡಿದ್ದ, ಓಪನ್‌ಕೋರ್ ಮತ್ತು ಆ ಫೈಲ್ ಎಲ್ಲ ಇರುವ ಇಎಫ್‌ಐ ಫೋಲ್ಡರ್ ಪೂರ್ತಿ ಎತ್ತಿ ಪೆನ್‌ಡ್ರೈವಿಗೆ ಹಾಕಿದೆ. ಅವರದ್ದೂ ಇದೇ ಪ್ರೊಸೆಸರ್, ಮದರ್‌ಬೋರ್ಡ್ ಮಾತ್ರ ಬೇರೆ. ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಓಡಿ ಓಡಿ 'ಎಕ್ಸಿಟ್‌ಬಿಎಸ್ ಸ್ಟಾರ್ಟ್' ಎಂಬ ಸಾಲಿಗೆ ನಿಂತಿತು. ಬಯೋಸ್ ತನ್ನ ಕೆಲಸ ಮುಗಿಸಿ, ಮೆಮೊರಿಯನ್ನೆಲ್ಲ ಕರ್ನಲ್, ಅಂದರೆ ಮ್ಯಾಕ್ ಓಎಸ್‌ನ ತಿರುಳಿನ, ಕೈಗೆ ಒಪ್ಪಿಸುವ ಜಾಗ ಅದು. ನಾಲ್ಕು ರಾತ್ರಿ ಅದೇ ಸಾಲು ನೋಡಿದೆ.

ಐದನೇ ದಿನ ಎಲ್ಲ ಅಳಿಸಿ, ಖಾಲಿ ಮಾದರಿ ಫೈಲಿನಿಂದ ಶುರು ಮಾಡಿದೆ. ಒಂದು ನೋಟ್‌ಬುಕ್ ಇಟ್ಟುಕೊಂಡೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಏನು ಬದಲಿಸಿದೆ, ಎಲ್ಲಿ ನಿಂತಿತು, ಬರೆದಿಡು. ನನ್ನದು ಝಡ್390 ಮದರ್‌ಬೋರ್ಡ್. ಅದಕ್ಕೆ ಮೆಮೊರಿಗೆ ಸಂಬಂಧಿಸಿದ ಸೆಟ್ಟಿಂಗ್‌ಗಳಾದ 'ಡಿವರ್ಚುಯಲೈಸ್ ಎಂಎಂಐಓ' ಮತ್ತು 'ಪ್ರೊಟೆಕ್ಟ್ ಯುಇಎಫ್‌ಐ ಸರ್ವಿಸಸ್' ಎರಡೂ ಆನ್ ಇರಬೇಕು. ನಾನು ಎತ್ತಿಕೊಂಡಿದ್ದ ಫೈಲಿನಲ್ಲಿ ಎರಡೂ ಆಫ್. ಗಡಿಯಾರದ್ದು ಇನ್ನೊಂದು ಕಥೆ. ಈ ಬೋರ್ಡುಗಳಲ್ಲಿ ಎಡಬ್ಲ್ಯೂಎಸಿ ಎಂಬ ಹೊಸ ಗಡಿಯಾರ ಇದೆ. ಮ್ಯಾಕ್ ಓಎಸ್ ಹುಡುಕುವುದು ಹಳೆಯ ಆರ್‌ಟಿಸಿಯನ್ನು. ಅದನ್ನು ಎಬ್ಬಿಸಿ ಕೂರಿಸಲು ಒಂದು ಚಿಕ್ಕ ಎಸ್‌ಎಸ್‌ಡಿಟಿ ಫೈಲ್ (ಬೋರ್ಡಿನಲ್ಲಿ ಏನೇನಿದೆ ಎಂದು ಓಎಸ್‌ಗೆ ಹೇಳುವ ಫೈಲ್) ಸೇರಿಸಬೇಕು. ಪ್ರತಿಯೊಂದು ಯಾಕೆ ಬೇಕು ಎಂದು ಓದಿ, ಅರ್ಥ ಮಾಡಿಕೊಂಡು ಹಾಕುತ್ತಾ ಹೋದೆ. ಆ ಸಂಜೆ ಆಗಿನ ಮ್ಯಾಕ್ ಓಎಸ್ ಆದ ಕ್ಯಾಟಲಿನಾದ ಇನ್‌ಸ್ಟಾಲರ್ ಪರದೆ ಬಂದಾಗ ತಮ್ಮನನ್ನು ಅಡುಗೆಮನೆಯಿಂದ ಕೂಗಿ ಕರೆದು ತೋರಿಸಿದೆ.

ಬೂಟ್ ಆಯಿತು ಅಂದರೆ ಮುಗಿಯಿತು ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಅರ್ಧ ಕೆಲಸ ಉಳಿದಿರುತ್ತದೆ. ಕ್ಯಾಮೆರಾದ 64 ಜಿಬಿ ಕಾರ್ಡನ್ನು ಯುಎಸ್‌ಬಿ 3 ರೀಡರಿನಲ್ಲಿ ಹಾಕಿದರೂ ಖಾಲಿ ಮಾಡಲು ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯಿತು. ಸ್ಲೀಪ್‌ಗೆ ಹಾಕಿದರೆ ಎರಡೇ ಸೆಕೆಂಡಿಗೆ ಫ್ಯಾನ್ ತಿರುಗಿ ಎದ್ದು ಕೂರುತ್ತಿತ್ತು. ಎರಡಕ್ಕೂ ಕಾರಣ ಯುಎಸ್‌ಬಿ.

ಮ್ಯಾಕ್ ಓಎಸ್ ಒಂದು ಕಂಟ್ರೋಲರಿಗೆ 15 ಪೋರ್ಟ್ ಮಾತ್ರ ಒಪ್ಪುತ್ತದೆ. ನನ್ನ ಬೋರ್ಡ್ 26 ಇದೆ ಎನ್ನುತ್ತದೆ. ಕಣ್ಣಿಗೆ ಕಾಣುವ ಒಂದು ನೀಲಿ ಯುಎಸ್‌ಬಿ 3 ತೂತು ಲೆಕ್ಕದಲ್ಲಿ ಎರಡು: ನಿಧಾನದ್ದಕ್ಕೆ ಒಂದು ಎಚ್‌ಎಸ್, ವೇಗದ್ದಕ್ಕೆ ಒಂದು ಎಸ್‌ಎಸ್. ಎಣಿಕೆ ಎಚ್‌ಎಸ್‌ನಿಂದ ಶುರುವಾಗಿ, 15 ತುಂಬಿದ ಮೇಲೆ ವೇಗದ್ದೆಲ್ಲ ಹೊರಗುಳಿಯುತ್ತದೆ. ಯಾವ 15 ಬೇಕು ಎಂದು ನಾವೇ ಆರಿಸಿ ಕೊಡಬೇಕು. ಅದಕ್ಕೆ ಮೊದಲು ಯಾವ ತೂತಿಗೆ ಯಾವ ನಂಬರ್ ಎಂದು ಗೊತ್ತಾಗಬೇಕು.

ಮಿತಿಯನ್ನು ತಾತ್ಕಾಲಿಕವಾಗಿ ತೆಗೆಯುವ ಪ್ಯಾಚ್ ಹಾಕಿ, ಒಂದು ಯುಎಸ್‌ಬಿ 2 ಪೆನ್‌ಡ್ರೈವ್, ಒಂದು ಯುಎಸ್‌ಬಿ 3 ಪೆನ್‌ಡ್ರೈವ್ ಹಿಡಿದು ನಾನು ಕ್ಯಾಬಿನೆಟ್ ಹಿಂದೆ ಕೂತೆ. ತಮ್ಮ ಪರದೆ ಮುಂದೆ. ನಾನು ಚುಚ್ಚುವುದು, ಅವನು "ಅಣ್ಣಾ, ಎಚ್‌ಎಸ್ ಐದು!" ಎಂದು ಕೂಗುವುದು. ತೆಗೆದು ಇನ್ನೊಂದು ಚುಚ್ಚುವುದು, "ಎಸ್‌ಎಸ್ ಐದು!" ಬೋರ್ಡಿನ ಹಿಂಬದಿಯ ಚಿತ್ರ ಬರೆದು ಪ್ರತಿ ತೂತಿನ ಪಕ್ಕ ನಂಬರ್ ಹಾಕಿದೆ. ಕೊನೆಗೆ ಲೆಕ್ಕ ಕೂಡಿಸಿದೆ: ಮುಂದಿನ ಎರಡು ನೀಲಿಗೆ 4, ಹಿಂದಿನ ನಾಲ್ಕು ನೀಲಿಗೆ 8, ಕೀಬೋರ್ಡ್ ಮೌಸಿಗೆ 2, ವೈಫೈ ಕಾರ್ಡಿನ ಬ್ಲೂಟೂತಿಗೆ 1. ಸರಿಯಾಗಿ 15.

ಆ ಬ್ಲೂಟೂತಿನ ಪೋರ್ಟನ್ನು 255 ಎಂದು, ಅಂದರೆ ಒಳಗಿನದ್ದು ಎಂದು ಗುರುತಿಸಬೇಕು. ಮೊದಲು ನಾನು ಅದನ್ನು ಮಾಡಿರಲಿಲ್ಲ. ಮಾಡಿ ರೀಸ್ಟಾರ್ಟ್ ಕೊಟ್ಟು ಸ್ಲೀಪ್‌ಗೆ ಹಾಕಿದೆ. ಬೆಳಿಗ್ಗೆವರೆಗೂ ಏಳಲಿಲ್ಲ. ಸ್ಪೇಸ್‌ಬಾರ್ ಒತ್ತಿದೆ, ಎದ್ದಿತು. ಮ್ಯಾಪ್ ಮಾಡಿದ ಮೇಲೆ ಆ ತಾತ್ಕಾಲಿಕ ಪ್ಯಾಚ್ ತೆಗೆಯುವುದನ್ನು ಮರೆಯಬೇಡಿ.

ಸೌಂಡ್ ಹತ್ತು ನಿಮಿಷದ ಕೆಲಸ, ಆಪಲ್‌ಎಎಲ್‌ಸಿಗೆ ಕೊಡುವ ಲೇಔಟ್ ನಂಬರುಗಳನ್ನು ಒಂದೊಂದೇ ಹಾಕಿ ನೋಡಿದರೆ ಯಾವುದೋ ಒಂದಕ್ಕೆ ಸ್ಪೀಕರ್ ಮಾತಾಡುತ್ತದೆ. ವೈಫೈಗೆ ಬ್ರಾಡ್‌ಕಾಮ್ ಕಾರ್ಡ್ ಹಾಕಿದ್ದರಿಂದ ಏನೂ ಮಾಡಬೇಕಾಗಲಿಲ್ಲ.

ಫೈನಲ್ ಕಟ್‌ನಲ್ಲಿ ಮೊದಲು ಟೈಪ್ ಮಾಡಿದ್ದು ಒಂದು ಮದುವೆಯ ಟೈಟಲ್: 'ಶುಭ ವಿವಾಹ ಮಹೋತ್ಸವ'. ಆಮೇಲೆ ಬೇಕೆಂದೇ 'ಶ್ರೀ', 'ಕೃಷ್ಣ', 'ಲಕ್ಷ್ಮಿ' ಹೊಡೆದು ನೋಡಿದೆ. ಮ್ಯಾಕ್‌ನಲ್ಲೇ ಬರುವ ಕನ್ನಡ ಸಂಗಮ್ ಎಂಎನ್ ಫಾಂಟಿನಲ್ಲಿ ಒತ್ತಕ್ಷರ ಎಲ್ಲ ಇರಬೇಕಾದ ಕಡೆಯೇ ಕೂತವು. ಆರು ಮದುವೆಯನ್ನೂ ಅದರಲ್ಲೇ ಮುಗಿಸಿಕೊಟ್ಟೆ.

ಅದೇ ಜೂನ್‌ನಲ್ಲಿ ಆಪಲ್ ತನ್ನದೇ ಚಿಪ್‌ಗೆ ಹೋಗುವುದಾಗಿ ಹೇಳಿತು. 2023ರ ಮ್ಯಾಕ್ ಓಎಸ್ ಆದ ಸೊನೋಮಾದಲ್ಲಿ ನನ್ನ ಬ್ರಾಡ್‌ಕಾಮ್ ಕಾರ್ಡಿನ ಸಪೋರ್ಟ್ ಹೋಯಿತು, ಹಾಗಾಗಿ ಅದರ ಹಿಂದಿನ ವೆಂಚುರಾದಲ್ಲೇ ಉಳಿದಿದ್ದೇನೆ. 2025ರ ಟಾಹೋ ಇಂಟೆಲ್ ಮೆಷಿನ್‌ಗಳಿಗೆ ಕೊನೆಯದು. ಓಎಸ್ ಹಳೆಯದಾದ್ದರಿಂದ ಈ ಪಿಸಿಯಲ್ಲಿ ಈಗ ಎಡಿಟಿಂಗ್ ಮಾತ್ರ ಮಾಡುತ್ತೇನೆ, ಬ್ಯಾಂಕಿನ ಕೆಲಸ ಮಾಡುವುದಿಲ್ಲ.

ಈಗಲೂ ಮಾಡಬಹುದಾ ಎಂದು ಕೇಳುವವರಿದ್ದಾರೆ. ಇದಕ್ಕೆಂದೇ ಹೊಸ ಪಾರ್ಟ್ ಕೊಳ್ಳಬೇಡಿ. ಮನೆಯಲ್ಲಿ 8ರಿಂದ 10ನೇ ಪೀಳಿಗೆಯ ಇಂಟೆಲ್ ಪಿಸಿ ಸುಮ್ನೆ ಬಿದ್ದಿದ್ದರೆ ಮಾಡಿ ನೋಡಿ. ಮ್ಯಾಕ್ ಓಎಸ್‌ಗೆ ಬೇರೆಯೇ ಎಸ್‌ಎಸ್‌ಡಿ ಇಡಿ, ವಿಂಡೋಸ್ ಇರುವ ಡಿಸ್ಕ್ ಮುಟ್ಟಬೇಡಿ. ಯಾವ ಅಪ್‌ಡೇಟ್ ಮಾಡುವ ಮೊದಲೂ, ನಡೆಯುತ್ತಿರುವ ಇಎಫ್‌ಐ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಅದರಿಂದ ಒಮ್ಮೆ ಬೂಟ್ ಆಗುತ್ತದಾ ಎಂದು ನೋಡಿಕೊಂಡು ಮುಂದುವರಿಯಿರಿ.