ಬೋರ್ಡಿನ ಮೇಲೆ ‘ಧನ್ಯವಾದ’ ಬರೆಯೋದು ಬಿಟ್ಟೆ

ಗಂಗಾವತಿ ಹತ್ತಿರದ ಹಳ್ಳಿಯಲ್ಲಿ ನಲಿ-ಕಲಿ ತರಗತಿ ನನ್ನದು. ಒಂದರಿಂದ ಮೂರನೇ ತರಗತಿ ಮಕ್ಕಳು ಒಟ್ಟಿಗೇ ಕೂತಿರುತ್ತಾರೆ. ಮೊದಲ ಸಲ ಧನ್ಯವಾದದ ಚೀಟಿ ಬರೆಸಿದಾಗ ನಾನೇ ಬೋರ್ಡಿನ ಮೇಲೆ "ನಿಮ್ಮ ಸಹಾಯಕ್ಕೆ ಧನ್ಯವಾದಗಳು" ಅಂತ ಬರೆದುಬಿಟ್ಟೆ. 22 ಮಕ್ಕಳೂ ಅದನ್ನೇ ನೋಡಿ ಇಳಿಸಿದರು. ‘ಧ’ದ ಹೊಟ್ಟೆ ಸೀಳೋದು ಮರೆತವರೇ ಜಾಸ್ತಿ. ಇದು ಯಾರಿಗೆ, ಯಾಕೆ ಅಂತ ಕೇಳಿದರೆ ಎಲ್ಲರೂ ನನ್ನ ಮುಖ ನೋಡಿದರು.

ನಮ್ಮ ಕಡೆ ಮನೆಯಲ್ಲಿ ಆ ಪದ ಯಾರೂ ಆಡಲ್ಲ, ಅಲ್ವಾ? ಅಜ್ಜಿಗೆ ಒಂದು ತಂಬಿಗೆ ನೀರು ಕೊಟ್ಟರೆ "ನಿನ್ನ ಹೊಟ್ಟಿ ತಣ್ಣಗಿರಲಿ" ಅಂತಾಳೆ. ಹಾಗಾಗಿ ಆ ಪದವನ್ನೇ ಕೈಬಿಟ್ಟೆ. ಎರಡು ಪ್ರಶ್ನೆ ಮಾತ್ರ ಇಟ್ಟುಕೊಂಡೆ: ಅವರು ಏನು ಮಾಡಿದರು? ಮಾಡದಿದ್ದರೆ ನಿನಗೆ ಏನಾಗ್ತಿತ್ತು? ಮೊದಲು ಬಾಯಲ್ಲಿ ಹೇಳಬೇಕು, ಆಮೇಲೆ ಬರೆಯಬೇಕು. ಒಂದನೇ ತರಗತಿಯವರು ಚಿತ್ರ ಬಿಡಿಸುತ್ತಾರೆ, ಅವರು ಹೇಳಿದ್ದನ್ನ ನಾನು ಕೆಳಗೆ ತಿದ್ದದೆ ಬರೆಯುತ್ತೇನೆ.

ಇದು ಸರಿಹೋಗಿದ್ದು 2024ರಲ್ಲಿ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ, ತುಂಬಿದ್ದ ನೀರೆಲ್ಲ ಹೊಳೆ ಪಾಲಾಗುತ್ತಿತ್ತು. ಒಂದು ವಾರ ಊರಲ್ಲಿ ಭತ್ತದ್ದೇ ಚಿಂತೆ. ಕೊನೆಗೆ ಹರಿಯೋ ನೀರಲ್ಲೇ ಸ್ಟಾಪ್ ಲಾಗ್ (ಗೇಟಿನ ಜಾಗದಲ್ಲಿ ನೀರಿಗೆ ಅಡ್ಡ ಇಡೋ ಉಕ್ಕಿನ ಹಲಗೆ) ಇಳಿಸಿ ನಿಲ್ಲಿಸಿದರು. ಆ ಕೆಲಸಗಾರರಿಗೇ ಬರೆಯೋಣ ಅಂದೆ, ಪೋಸ್ಟ್ ಕಾರ್ಡ್ ತಂದೆ. ಮೂರನೇ ತರಗತಿ ಹುಡುಗಿಯೊಬ್ಬಳ ಕಾರ್ಡು ಹೀಗಿತ್ತು: "ಗೇಟ್ ಹಾಕಿದ ಮಾವಂದಿರಿಗೆ. ನೀವು ಯಾರೂ ನೀರಾಗ ಬಿದ್ದಿಲ್ಲ ಅಲ್ಲ? ನಮ್ಮ ಗದ್ದಿಗೆ ನೀರು ಬಂತು. ಅಪ್ಪ ಗುಳೆ ಹೋಗಲಿಲ್ಲ." ‘ಮಾವಂದಿರ ಹೆಸರೇನು ಟೀಚರ್’ ಅಂದಳು. ನನಗೂ ಗೊತ್ತಿರಲಿಲ್ಲ. ‘19ನೇ ಗೇಟ್ ಹಾಕಿದವರು, ತುಂಗಭದ್ರಾ ಡ್ಯಾಂ’ ಅಂತಲೇ ವಿಳಾಸ ಬರೆಸಿದೆ. ಪಿನ್‌ಕೋಡಿನ ಆರು ಮನೆ ತುಂಬಿಸೋಕೆ ಮಾತ್ರ ಒಂದು ಪಿರಿಯಡ್ ಹೋಯಿತು.

ಆಮೇಲೆ ಹುಮ್ಮಸ್ಸಿನಲ್ಲಿ ಪ್ರತಿ ಶನಿವಾರ ಬರೆಸಿದೆ. ಅದು ನಡೆಯಲಿಲ್ಲ. ಮೂರನೇ ವಾರಕ್ಕೆ "ನನ್ನ ಪೆನ್ಸಿಲ್‌ಗೆ" ಅಂತ ಸುಮ್ನೆ ಬರೆದುಕೊಟ್ಟರು. ಈಗ ಏನಾದರೂ ನಡೆದಾಗ ಮಾತ್ರ.

ಬಿಸಿಯೂಟದ ಅಕ್ಕನಿಗೆ ಬರೆದದ್ದೇ ಈಚಿನದು. ಬರೆದವರೇ ಅಡುಗೆಮನೆ ಬಾಗಿಲಲ್ಲಿ ನಿಂತು ಓದಬೇಕು ಅಂತ ಮಾಡಿದ್ದೆ. ಒಬ್ಬ ಜೋರಾಗಿ ಓದಿದ: "ಯಕ್ಕಾ, ನೀನು ನನಗ ದೊಡ್ಡ ಮೊಟ್ಟೆ ಹಾಕ್ತಿ." ಅಕ್ಕ ನಾಚಿ ಸೆರಗು ಬಾಯಿಗೆ ಹಿಡಿದಳು. ಸಾಲಿನಲ್ಲಿದ್ದ ಉಳಿದವರು ನಗಲಿಲ್ಲ. ಮರುದಿನದಿಂದ ಊಟಕ್ಕೆ ಕೂತಾಗ ತಟ್ಟೆಗೆ ತಟ್ಟೆ ತಾಗಿಸಿ ಮೊಟ್ಟೆ ಅಳೆಯುತ್ತಿದ್ದಾರೆ.