ಹಳೆಯ ಜೀಪಿನ ಚಾಲಕನ ಸೀಟನ್ನು ನನ್ನ ಕಾಲಿನ ಅಳತೆಗೆ ಹೊಂದಿಸಿದ್ದು

ಕೊಡಗಿನ ನಾಪೋಕ್ಲಿನಿಂದ ಕಕ್ಕಬ್ಬೆಯ ಕಡೆಗೆ ಹೋಗುವ ರಸ್ತೆಯನ್ನು ಬಿಟ್ಟು ಸುಮಾರು ಮೂರು ಕಿಲೋಮೀಟರ್ ಕಲ್ಲುಹಾದಿಯನ್ನು ಹತ್ತಿದರೆ ನಮ್ಮ ಕಾಫಿ ತೋಟ ಸಿಗುತ್ತದೆ. ಆ ಹಾದಿಯಲ್ಲಿ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಓಡಿಸುತ್ತಿರುವುದು ನಾಲ್ಕೂ ಚಕ್ರಗಳಿಗೆ ಎಳೆತವಿರುವ ಒಂದು ಹಳೆಯ ಡೀಸೆಲ್ ಜೀಪು. ನನ್ನ ಎತ್ತರ 184 ಸೆಂಟಿಮೀಟರ್. ರೋಬಸ್ಟಾ ಕುಯ್ಲು ನಡೆಯುವ ಜನವರಿಯಿಂದ ಮಾರ್ಚ್‌ವರೆಗೆ ದಿನಕ್ಕೆ ಏಳೆಂಟು ಬಾರಿ ತೋಟಕ್ಕೂ ಕಣಕ್ಕೂ ಚೀಲ ಸಾಗಿಸಬೇಕಾಗುತ್ತದೆ. ಹಾಗೆ ಓಡಾಡಿದ ಒಂದು ಕುಯ್ಲಿನ ಕೊನೆಯಲ್ಲಿ ನನ್ನ ಎಡಮಂಡಿ ಊದಿಕೊಂಡಿತು, ಸೊಂಟದ ಬಲಭಾಗದಲ್ಲಿ ಬೆಳಿಗ್ಗೆ ಏಳುವಾಗಲೇ ನೋವು ಕಾಣಿಸತೊಡಗಿತು. ಪರೀಕ್ಷಿಸಿದ ವೈದ್ಯರು ಔಷಧಿಯ ಚೀಟಿ ಬರೆಯುವ ಮೊದಲು ಕೇಳಿದ ಪ್ರಶ್ನೆ, ನಾನು ಜೀಪಿನಲ್ಲಿ ಹೇಗೆ ಕುಳಿತುಕೊಳ್ಳುತ್ತೇನೆ ಎಂಬುದು. ಅವರ ಕೋಣೆಯಲ್ಲಿದ್ದ ಕುರ್ಚಿಯ ಮೇಲೆ ಕುಳಿತು, ಕಾಲನ್ನು ಕ್ಲಚ್ಚಿನ ಮೇಲೆ ಇಟ್ಟಂತೆ ಮಡಚಿ ತೋರಿಸಿದಾಗಲೇ ಆ ಭಂಗಿ ಎಷ್ಟು ಇಕ್ಕಟ್ಟಿನದು ಎಂಬುದು ನನಗೆ ಸರಿಯಾಗಿ ಅರ್ಥವಾಯಿತು.

ಮೊದಲು ನಾನು ಮಾಡಿದ್ದು ತಪ್ಪು ಕೆಲಸ. ಸೀಟು ಗಟ್ಟಿಯಾಗಿರುವುದೇ ನೋವಿಗೆ ಕಾರಣವೆಂದು ಭಾವಿಸಿ, ಇದ್ದ ಮೆತ್ತೆಯ ಮೇಲೆ ಎರಡು ಅಂಗುಲದ ಮೃದುವಾದ ಫೋಮ್ ಇರಿಸಿ ರೆಕ್ಸಿನ್ ಹೊಲಿಸಿದೆ. ನಾಲ್ಕು ದಿನ ಹಾಯೆನಿಸಿತು. ಐದನೆಯ ದಿನ ತಿರುವಿನಲ್ಲಿ ಸ್ಟಿಯರಿಂಗ್ ಚಕ್ರದ ಅಂಚು ತೊಡೆಗೆ ತಾಗಿ ಕೈ ಅರ್ಧಕ್ಕೇ ನಿಂತಿತು. ಬಲಗಡೆ ಹೊಳೆಯ ಇಳಿಜಾರು ಇದ್ದ ಜಾಗವದು. ಗೋಣಿಕೊಪ್ಪಲಿನಲ್ಲಿ ಜೀಪುಗಳ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರು ಅದನ್ನು ನೋಡಿ, "ಸಾರ್, ಮೆತ್ತೆ ಆಮೇಲೆ ನೋಡುವ. ಮೊದಲು ನಿಮ್ಮ ಸೊಂಟ ಎಲ್ಲಿ ಕೂತ್ಕೊಳ್ಳಬೇಕು ಅಂತ ಗೊತ್ತಾಗ್ಬೇಕು" ಎಂದರು. ಅನಂತರದ ನನ್ನ ಎಲ್ಲಾ ಕೆಲಸವೂ ಆ ಒಂದು ಮಾತಿನ ಮೇಲೆ ನಿಂತಿದೆ.

ಹಾಗಾಗಿ ಅಳತೆಯಿಂದ ಆರಂಭಿಸಿದೆ. ಬೆನ್ನೊರಗಿನ ಬುಡದಿಂದ, ಒತ್ತದೆ ಬಿಟ್ಟ ಕ್ಲಚ್ ಪೆಡಲಿನವರೆಗೆ ನನ್ನ ಜೀಪಿನಲ್ಲಿ 84 ಸೆಂಟಿಮೀಟರ್ ಇತ್ತು. ಎಷ್ಟು ಹೊತ್ತು ಓಡಿಸಿದರೂ ನನಗೆ ನೋವು ಬಾರದ, ನೆಂಟರೊಬ್ಬರ ಕಾರಿನಲ್ಲಿ ಅದೇ ಅಂತರ 95 ಸೆಂಟಿಮೀಟರ್. ಮೆತ್ತೆಯ ಮೇಲ್ಮೈಯಿಂದ ಸ್ಟಿಯರಿಂಗ್ ಚಕ್ರದ ಕೆಳ ಅಂಚಿಗೆ ನನ್ನ ಜೀಪಿನಲ್ಲಿ 13 ಸೆಂಟಿಮೀಟರ್ ಮಾತ್ರ ಇದ್ದರೆ, ಕುಳಿತಾಗ ನನ್ನ ತೊಡೆಯ ದಪ್ಪವೇ 16 ಸೆಂಟಿಮೀಟರ್ ಇತ್ತು. ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಈ ಅಳತೆಗಳನ್ನು ಖಾಲಿ ಸೀಟಿನಲ್ಲಿ ತೆಗೆದುಕೊಂಡರೆ ಪ್ರಯೋಜನವಿಲ್ಲ. ನಾವು ಕುಳಿತು ಮೆತ್ತೆ ತಗ್ಗಿದ ಮೇಲೆ, ತೋಟದಲ್ಲಿ ಹಾಕುವ ಗಮ್ ಬೂಟನ್ನು ಹಾಕಿಕೊಂಡೇ, ಇನ್ನೊಬ್ಬರ ಕೈಯಲ್ಲಿ ಟೇಪು ಹಿಡಿಸಿ ಅಳೆಯಬೇಕು. ಬೂಟಿನ ಅಡಿಯ ದಪ್ಪದಿಂದಲೇ ನನ್ನ ಮಂಡಿ ಎರಡು ಸೆಂಟಿಮೀಟರಿನಷ್ಟು ಮೇಲೆ ಬರುತ್ತಿತ್ತು.

ಜಾಗ ಏಕೆ ಇಷ್ಟು ಕಡಿಮೆ ಎಂಬುದಕ್ಕೆ ಉತ್ತರ ಸೀಟಿನ ಕೆಳಗೇ ಇತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ, ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪಿನಲ್ಲಿ ಇಂಧನದ ಟ್ಯಾಂಕನ್ನು ಚಾಲಕನ ಸೀಟಿನ ಅಡಿಯಲ್ಲೇ ಕೂರಿಸಿದ್ದರು. ನನ್ನ ಜೀಪಿನ ತೊಟ್ಟಿಯೂ, ಅಂದರೆ ಚಾಸಿಯ ಮೇಲೆ ಕೂರುವ ತಗಡಿನ ಒಡಲೂ, ಅದೇ ವಂಶದ್ದು. ನೆಲದಿಂದ 24 ಸೆಂಟಿಮೀಟರ್ ಎತ್ತರದ ಟ್ಯಾಂಕ್ ಪೆಟ್ಟಿಗೆ, ಅದರ ಮೇಲೆ ಸೀಟಿನ ಚೌಕಟ್ಟು, ಅದರ ಮೇಲೆ ಮೆತ್ತೆ ಹೀಗೆ ಒಂದರ ಮೇಲೊಂದು ಬಂದಿರುವುದರಿಂದ ಸೀಟನ್ನು ತಗ್ಗಿಸಲು ಅವಕಾಶವೇ ಇಲ್ಲ. ಹಿಂದಕ್ಕೆ ಸರಿಸೋಣವೆಂದರೆ ಬೆನ್ನೊರಗಿಗೂ ಹಿಂಚಕ್ರದ ಗುಮ್ಮಟಕ್ಕೂ ನಡುವೆ ಉಳಿದಿದ್ದದ್ದು 12 ಸೆಂಟಿಮೀಟರ್. ನನಗೆ ಸಿಗಬಹುದಾದ ಕಾಲಿನ ಜಾಗವೆಲ್ಲ ಆ ಹನ್ನೆರಡು ಸೆಂಟಿಮೀಟರಿನ ಒಳಗೇ ಇತ್ತು.

ಗುಜರಿಯಿಂದ ಕಾರಿನ ಸೀಟನ್ನು ತಂದು ಕೂರಿಸುವಂತೆ ಹಲವರು ಸಲಹೆ ಕೊಟ್ಟರು. ಕಾರಿನ ಸೀಟು ಕಾರಿನ ತಗ್ಗಾದ ನೆಲಕ್ಕೆ ತಕ್ಕಂತೆ ತನ್ನದೇ ಎತ್ತರವನ್ನು ಹೊಂದಿರುತ್ತದೆ. ಅದನ್ನು ಟ್ಯಾಂಕ್ ಪೆಟ್ಟಿಗೆಯ ಮೇಲೆ ಇರಿಸಿದರೆ ತಲೆ ಮೇಲ್ಹೊದಿಕೆಯ (ಹುಡ್ಡಿನ) ಕಮಾನಿಗೆ ಮುಟ್ಟುತ್ತದೆ. ಟ್ಯಾಂಕ್ ಬೇರೆ ಕಡೆ ಇರುವ ವಾಹನಗಳಿಗೆ ಆ ದಾರಿ ಸರಿಹೋಗಬಹುದು. ನಾನು ಮೂಲ ಸೀಟನ್ನೇ ಉಳಿಸಿಕೊಂಡು, ಅದರ ಕೆಳಗೆ ಒಂದು ಹೊಸ ಉಪಚೌಕಟ್ಟನ್ನು ಮಾಡಿಸಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ಆದ್ದರಿಂದ ಚಾಸಿಯನ್ನಾಗಲಿ ತೊಟ್ಟಿಯನ್ನಾಗಲಿ ಕತ್ತರಿಸಬಾರದು, ಸೀಟುಗಳ ಸಂಖ್ಯೆ ಬದಲಾಗಬಾರದು, ಬೇಕಾದಾಗ ಬೋಲ್ಟು ಬಿಚ್ಚಿ ಹಿಂದಿನ ಸ್ಥಿತಿಗೆ ತರುವಂತಿರಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿದ್ದೆ.

ಕಬ್ಬಿಣದ ಕೆಲಸ ನಡೆದದ್ದು ಜುಲೈ-ಆಗಸ್ಟಿನಲ್ಲಿ ಬರುವ ಕಕ್ಕಡ ತಿಂಗಳಿನಲ್ಲಿ, ಜಡಿಮಳೆಗೆ ತೋಟದ ಕೆಲಸ ನಿಂತಿದ್ದಾಗ. ಚೌಕಟ್ಟನ್ನು ಮಾಡಿಸುವ ಮೊದಲು ಹಲಗೆ ಮತ್ತು ಮರದ ತುಂಡುಗಳಿಂದ ಅದರ ಮಾದರಿಯೊಂದನ್ನು ಮಾಡಿ, ಜೀಪಿನೊಳಗೆ ಇರಿಸಿ, ಅಂಗಳದಲ್ಲೇ ನಿಲ್ಲಿಸಿಕೊಂಡು ದಿನಕ್ಕೆ ಅರ್ಧ ಗಂಟೆ ಅದರ ಮೇಲೆ ಕುಳಿತೆ. ಒಂದೊಂದು ಸೆಂಟಿಮೀಟರ್ ಹಿಂದೆ ಮುಂದೆ ಮಾಡಿ, ಕ್ಲಚ್ಚನ್ನು ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿಯೇ ಇರುವ ಜಾಗವನ್ನು ಗುರುತಿಸಿಕೊಂಡೆ. ಕಾಲು ನೆಟ್ಟಗಾಗುವಷ್ಟು ಹಿಂದಕ್ಕೆ ಹೋದರೆ ಪೆಡಲನ್ನು ಒತ್ತುವಾಗ ಸೊಂಟವೇ ಜಾರುತ್ತದೆ, ಅದು ಮೊದಲಿನ ಇಕ್ಕಟ್ಟಿನಷ್ಟೇ ಕೆಟ್ಟದ್ದು. ನನಗೆ ಹೊಂದಿದ್ದು 9 ಸೆಂಟಿಮೀಟರ್ ಹಿಂದಕ್ಕೆ ಸರಿದ ಜಾಗ. ಬೆನ್ನೊರಗಿನಿಂದ ಕ್ಲಚ್ಚಿಗೆ ಈಗಿರುವ ಅಂತರ 93 ಸೆಂಟಿಮೀಟರ್.

ಟ್ಯಾಂಕ್ ಹತ್ತಿರವಿದ್ದುದರಿಂದ ಜೀಪಿನೊಳಗೆ ಒಂದು ಚುಕ್ಕೆ ವೆಲ್ಡಿಂಗನ್ನೂ ಮಾಡಲು ನಾನು ಬಿಡಲಿಲ್ಲ. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಆವಿ, ಇಂಧನ ತುಂಬಿದ ಟ್ಯಾಂಕಿಗಿಂತಲೂ ಅಪಾಯಕಾರಿ ಎಂಬುದನ್ನು ಅವಸರದಲ್ಲಿರುವ ಕೆಲಸಗಾರರು ಮರೆಯುತ್ತಾರೆ. ಚೌಕಟ್ಟನ್ನು 25 ಮಿಲಿಮೀಟರಿನ ಪೈಪಿನಲ್ಲಿ ಹೊರಗೇ ಬೆಸೆದು, ರೆಡ್ ಆಕ್ಸೈಡ್ ಬಳಿದು, ಮುಂದಿನ ಎರಡು ಕಾಲುಗಳನ್ನು ಸೀಟಿನ ಮೂಲ ರಂಧ್ರಗಳಿಗೇ ಬೋಲ್ಟ್ ಮಾಡಿದೆವು. ಹಿಂದಿನ ಎರಡು ಕಾಲುಗಳು ಗುಮ್ಮಟದ ಮುಂದಿನ ನೆಲದ ತಗಡಿನ ಮೇಲೆ ಬಂದವು. ಆ ತಗಡು ತೆಳುವಾದದ್ದು; ಬರೀ ವಾಷರ್ ಹಾಕಿ ಬಿಗಿದರೆ ಹೊಡೆತ ಬಿದ್ದಾಗ ಬೋಲ್ಟು ತಗಡನ್ನು ಹರಿದುಕೊಂಡು ಬರುತ್ತದೆ. ಅದಕ್ಕಾಗಿ ನೆಲದ ಕೆಳಗೆ ಅಂಗೈ ಅಗಲದ, 3 ಮಿಲಿಮೀಟರ್ ದಪ್ಪದ ಪಟ್ಟಿಗಳನ್ನು ಕೊಟ್ಟು, 8.8 ದರ್ಜೆಯ, ಅಂದರೆ ಹೆಚ್ಚು ಬಲದ ಉಕ್ಕಿನ ಬೋಲ್ಟುಗಳನ್ನು ನೈಲಾನ್ ಬಳೆಯಿರುವ ನಟ್ಟುಗಳಿಂದ ಬಿಗಿದೆವು. ಸೀಟ್ ಬೆಲ್ಟಿನ ಬುಡವನ್ನೂ ಅಷ್ಟೇ ದೂರ ಹಿಂದಕ್ಕೆ ಒಯ್ದು, ಅದೇ ರೀತಿಯ ಪಟ್ಟಿ ಕೊಟ್ಟು ತೊಟ್ಟಿಗೇ ಕಟ್ಟಿದೆವು, ಸೀಟಿಗೆ ಕಟ್ಟಲಿಲ್ಲ. ಸೀಟು ಸರಿದ ಮೇಲೆ ಬೆಲ್ಟು ಹೊಟ್ಟೆಯ ಮೇಲೆ ಬಾರದೆ ಸೊಂಟದ ಎಲುಬಿನ ಮೇಲೆಯೇ ಕೂರಬೇಕು.

ನನ್ನ ಪತ್ನಿಯೂ ಇದೇ ಜೀಪನ್ನು ಓಡಿಸುತ್ತಾಳೆ, ಅವಳ ಎತ್ತರ 155 ಸೆಂಟಿಮೀಟರ್. ಆದ್ದರಿಂದ ಸೀಟು ಸರಿಯುವ ರೈಲುಗಳ ಮೇಲೆ ಇರಲೇಬೇಕಾಯಿತು. ಈ ರೈಲುಗಳು ಸಾಮಾನ್ಯವಾಗಿ ಮೂರೂವರೆ ಸೆಂಟಿಮೀಟರಿನಷ್ಟು ಎತ್ತರವನ್ನು ನುಂಗುತ್ತವೆ. ಟ್ಯಾಂಕ್ ಪೆಟ್ಟಿಗೆಯ ಮೇಲೆ ಇರಿಸುವ ಬದಲು ಅದರ ಎರಡೂ ಪಕ್ಕಗಳಲ್ಲಿ ಕೋನಪಟ್ಟಿ ಕೊಟ್ಟು, ರೈಲಿನ ಮೇಲ್ಭಾಗ ಪೆಟ್ಟಿಗೆಯ ಮುಚ್ಚಳದ ಮಟ್ಟಕ್ಕೇ ಬರುವಂತೆ ಕೂರಿಸಿದ್ದರಿಂದ ಆ ಎತ್ತರವೆಲ್ಲ ಉಳಿಯಿತು. ಎರಡು ರೈಲುಗಳಿಗೂ ಕೊಕ್ಕೆ ಬೀಳುವಂಥದ್ದನ್ನೇ ಆರಿಸಿಕೊಳ್ಳಿ. ಒಂದೇ ಪಕ್ಕ ಬೀಳುವ ರೈಲು ಹಳ್ಳಕ್ಕೆ ಇಳಿಯುವಾಗ ಸೀಟನ್ನು ಓರೆಯಾಗಿ ತಿರುಚುತ್ತದೆ. ಗ್ರೀಸು ಹಚ್ಚಿದರೆ ನಮ್ಮ ಕೆಂಪುಮಣ್ಣು ಅದಕ್ಕೆ ಅಂಟಿ ಹಿಟ್ಟಾಗುತ್ತದೆ, ಒಣ ಗ್ರಾಫೈಟ್ ಪುಡಿಯೇ ಸಾಕು.

ಮೆತ್ತೆಯ ವಿಷಯದಲ್ಲಿ ನಾನು ನಿರೀಕ್ಷಿಸಿದ್ದಕ್ಕೆ ವಿರುದ್ಧವಾದದ್ದೇ ನಿಜವಾಯಿತು. ಹಳೆಯ 12 ಸೆಂಟಿಮೀಟರಿನ ಮೆತ್ತೆ ನಾನು ಕುಳಿತಾಗ ಅರ್ಧಕ್ಕೆ ತಗ್ಗಿ, ಕಲ್ಲಿನ ಹೊಡೆತಕ್ಕೆ ತಳವನ್ನೇ ಮುಟ್ಟುತ್ತಿತ್ತು. ಹೊಸದು ಒಟ್ಟು 9 ಸೆಂಟಿಮೀಟರ್: ಕೆಳಗೆ ಚೂರು ಫೋಮನ್ನು ಒತ್ತಿ ಮಾಡಿದ 5 ಸೆಂಟಿಮೀಟರಿನ ಗಟ್ಟಿ ಪದರ, ಮೇಲೆ 40 ಸಾಂದ್ರತೆಯ (ಘನಮೀಟರಿಗೆ 40 ಕಿಲೋ ತೂಗುವ) ಫೋಮಿನ 4 ಸೆಂಟಿಮೀಟರಿನ ಪದರ. ನಾನು ಕುಳಿತಾಗ ಇದು ಎರಡು ಸೆಂಟಿಮೀಟರ್ ಮಾತ್ರ ತಗ್ಗುತ್ತದೆ. ಮೆತ್ತೆಯ ಮುಂಭಾಗವನ್ನು ಹಿಂಭಾಗಕ್ಕಿಂತ 3 ಸೆಂಟಿಮೀಟರ್ ಎತ್ತರಿಸಿದ್ದರಿಂದ ತೊಡೆಗೆ ಮಂಡಿಯ ಸಮೀಪದವರೆಗೂ ಆಸರೆ ಸಿಕ್ಕಿತು, ಇಳಿಜಾರಿನಲ್ಲಿ ದೇಹ ಮುಂದಕ್ಕೆ ಜಾರುವುದು ನಿಂತಿತು. ನೆಟ್ಟಗೆ ನಿಂತಿದ್ದ ಬೆನ್ನೊರಗನ್ನು ಹಿಂಜು ಬೋಲ್ಟುಗಳಲ್ಲಿ ಬೆಣೆ ಕೊಟ್ಟು ಸುಮಾರು ಹತ್ತು ಡಿಗ್ರಿ ಹಿಂದಕ್ಕೆ ಬಾಗಿಸಿ, ಸೊಂಟದ ಕುಳಿ ಬರುವ ಎತ್ತರದಲ್ಲಿ ಒಂದು ಉಬ್ಬನ್ನು ಹೊಲಿಸಿದೆ.

ಅಂಟು ಹಚ್ಚುವ ಕೆಲಸಕ್ಕೆ ಕಾಯಬೇಕಾಯಿತು. ಗಾಳಿಯಲ್ಲಿ ತೇವ ತುಂಬಿರುವಾಗ ಫೋಮಿಗೆ ಹಚ್ಚಿದ ಅಂಟು ಬಿಳಿಯಾಗಿ ಬಿಟ್ಟುಕೊಳ್ಳುತ್ತದೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಕಳೆದು ನಾಲ್ಕು ದಿನ ಬಿಸಿಲು ಬಂದ ಮೇಲೆ ಕುಶಾಲನಗರದಲ್ಲಿ ಸೀಟು ಹೊಲಿಯುವವರಲ್ಲಿಗೆ ಒಯ್ದೆ. ನಮ್ಮ ಮಳೆಗೆ ತಕ್ಕಂತೆ ಹೊಲಿಗೆಯ ಸಾಲುಗಳನ್ನು ಕೂರುವ ಜಾಗದಲ್ಲಿ ಬಿಡದೆ ಪಕ್ಕಗಳಿಗೆ ಸರಿಸಲು, ಒಳಗಿಳಿದ ನೀರು ಬಸಿದುಹೋಗಲು ತಳದಲ್ಲಿ ಹಿತ್ತಾಳೆಯ ಬಳೆಯಿರುವ ಆರು ತೂತುಗಳನ್ನು ಇಡಲು ಕೇಳಿಕೊಂಡೆ. ಎರಡು ಮಳೆಗಾಲ ಕಳೆದರೂ ಬೂಸ್ಟಿನ ವಾಸನೆ ಬಂದಿಲ್ಲ.

ಸ್ಟಿಯರಿಂಗಿನ ಕಡೆಗೆ ಎರಡು ಪ್ರಯತ್ನಗಳನ್ನು ಮಾಡಿದೆ. ಚಿಕ್ಕ ಚಕ್ರ ಹಾಕಿದಾಗ ತೊಡೆಗೆ ಜಾಗ ಸಿಕ್ಕಿತು. ಪವರ್ ಸ್ಟಿಯರಿಂಗ್ ಇಲ್ಲದ ಜೀಪಿನಲ್ಲಿ ಅದನ್ನು ಕೆಸರಿನಲ್ಲಿ ತಿರುಗಿಸಲು ಎರಡೂ ಭುಜಗಳ ಬಲ ಬೇಕಾಯಿತು. ಒಂದು ವಾರಕ್ಕೆ ತೆಗೆದುಬಿಟ್ಟೆ. ಬದಲಿಗೆ ಡ್ಯಾಶ್‌ಬೋರ್ಡಿನ ಕೆಳಗಿನ ಹಿಡಿಕೆಯನ್ನು ಹೊಂದಿಸಿ, ಚಕ್ರವನ್ನು ಹೊತ್ತ ಸ್ಟಿಯರಿಂಗ್ ಕೊಳವೆಯನ್ನು ಸ್ವಲ್ಪ ಎತ್ತರಿಸಿದೆವು. ಹಾಗೆ ಮಾಡುವಾಗ ಚಾಸಿಯ ಮೇಲಿನ ಸ್ಟಿಯರಿಂಗ್ ಬಾಕ್ಸಿನ ಬೋಲ್ಟುಗಳನ್ನು ಮೊದಲು ಸಡಿಲಿಸಿ, ಕೊಳವೆ ತಾನಾಗಿ ಹೊಸ ಓರೆಗೆ ಕೂತ ಮೇಲೆ ಮತ್ತೆ ಬಿಗಿಯಬೇಕು. ಇಲ್ಲವಾದರೆ ಕೊಳವೆ ಬಿಲ್ಲಿನಂತೆ ಬಾಗಿ, ತಿರುವು ಮುಗಿದ ಮೇಲೂ ಚಕ್ರ ತಾನಾಗಿ ಮರಳುವುದಿಲ್ಲ. ಇದನ್ನು ಅರಿತವರ ಕೈಯಲ್ಲೇ ಮಾಡಿಸಬೇಕು. ಈಗ ನಾನು ಕುಳಿತಾಗ ತೊಡೆಗೂ ಚಕ್ರಕ್ಕೂ ನಡುವೆ ಒಂದೂವರೆ ಸೆಂಟಿಮೀಟರ್ ಉಳಿದಿದೆ.

ಕೊನೆಗೆ ಉಳಿದದ್ದು ಎಡಗಾಲು. ಕ್ಲಚ್ಚಿನ ಕೆಲಸವಿಲ್ಲದಾಗ ಅದಕ್ಕೆ ಇಡಲು ಜಾಗವೇ ಇಲ್ಲದೆ ಪೆಡಲಿನ ಮೇಲೆ ತೂಗಾಡುತ್ತಿತ್ತು. ಮಂಡಿ ಊದಿದ್ದಕ್ಕೆ ಅದೇ ದೊಡ್ಡ ಕಾರಣವೆಂದು ನಾನು ನಂಬಿದ್ದೇನೆ. ಕ್ಲಚ್ಚಿಗೂ ಗೇರಿನ ಉಬ್ಬಿಗೂ ನಡುವಿನ 8 ಸೆಂಟಿಮೀಟರಿನಲ್ಲಿ ಚೆಕ್ಕರ್ ಪ್ಲೇಟಿನ (ಜಾರದಂತೆ ಉಬ್ಬುಗೆರೆಗಳಿರುವ ತಗಡಿನ) ಒಂದು ಓರೆಯಾದ ಕಾಲಾಸರೆಯನ್ನು ಕೂರಿಸಿದೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಹಣ ಹಿಡಿದದ್ದು ಇದು, ಅತಿ ಹೆಚ್ಚು ಸುಖ ಕೊಟ್ಟದ್ದೂ ಇದೇ. ಮಂಡಿಯ ನೋವು ಮುಂದಿನ ಕುಯ್ಲಿನಲ್ಲಿ ಮರಳಲಿಲ್ಲ, ಸೊಂಟದ ನೋವು ಸಂಪಾಜೆ ಘಾಟಿ ಇಳಿದು ಮಂಗಳೂರಿಗೆ ಹೋಗಿಬಂದ ದಿನಗಳಲ್ಲಿ ಮಾತ್ರ ಅಲ್ಪಸ್ವಲ್ಪ ಕಾಣಿಸುತ್ತದೆ.

ಹಿಂದೆ ಕೂರುವವರಿಗೆ ನಷ್ಟವಾಗಿರುವುದು ನಿಜ. ಬಲಗಡೆಯ ಬೆಂಚಿನ ಮುಂದಿನ ತುದಿಯಲ್ಲಿ ಕುಳಿತವರ ಭುಜಕ್ಕೆ ನನ್ನ ಬೆನ್ನೊರಗು ತಾಗುತ್ತದೆ, ಮೊದಲು ನಿಲ್ಲುತ್ತಿದ್ದ ಒಂದು ಚೀಲ ಈಗ ಅಲ್ಲಿ ನಿಲ್ಲುವುದಿಲ್ಲ. ಪಕ್ಕದ ಸೀಟಿನ ಕೆಳಗೆ ಟ್ಯಾಂಕ್ ಇಲ್ಲದಿರುವುದರಿಂದ ಅದನ್ನು ನಾಲ್ಕು ಸೆಂಟಿಮೀಟರ್ ತಗ್ಗಿಸಬಹುದು. ಎಂಬತ್ತು ದಾಟಿದ ನನ್ನ ತಾಯಿಗೆ ಜೀಪು ಹತ್ತುವುದು ಅದರಿಂದ ಸುಲಭವಾಗುತ್ತದೆ. ಬರುವ ಕಕ್ಕಡಕ್ಕೆ ಆ ಕೆಲಸಕ್ಕೆಂದು ಹಲಗೆಯ ಮಾದರಿಯನ್ನು ತೆಗೆದಿರಿಸಿದ್ದೇನೆ.