ಏಜೆಂಟ್ ತಪ್ಪು ಮಾಡಿದರೆ ಮೊದಲು ಟೂಲ್ ವಿವರಣೆ ಓದಿ

ಎಐ ಏಜೆಂಟ್ ಅಂದರೆ ನಾವು ಹೇಳಿದ ಕೆಲಸವನ್ನು ತಾನೇ ಮಾಡುವ ಪ್ರೋಗ್ರಾಂ. ಅದರೊಳಗೆ ಏನು ಮಾಡಬೇಕು ಅಂತ ತೀರ್ಮಾನಿಸುವುದು ಭಾಷಾ ಮಾಡೆಲ್, ಕೆಲಸ ಮಾಡಲು ನಾವು ಅದಕ್ಕೆ ಕೊಡುವ ಒಂದೊಂದು ಫಂಕ್ಷನ್ನೇ ಟೂಲ್. ಈ ಏಜೆಂಟ್ ತಪ್ಪು ಟೂಲ್ ಬಳಸಿದಾಗ ನಾವು ಮೊದಲು ಬೈಯುವುದು ಮಾಡೆಲ್‌ನ. ನಾನೂ ಬೈದಿದ್ದೇನೆ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲಿ ‘ಕ್ಲೋಸ್_ಇನ್‌ವಾಯ್ಸ್’ ಅಂತ ಒಂದು ಟೂಲ್ ಇತ್ತು. ಅದರ ವಿವರಣೆ ಇಷ್ಟೇ: “ಇನ್‌ವಾಯ್ಸ್ ಅನ್ನು ಕ್ಲೋಸ್ ಮಾಡುತ್ತದೆ.” ಟೆಸ್ಟ್ ಮಾಡುವಾಗ ಒಬ್ಬರು “ಈ ಗ್ರಾಹಕರ ದುಡ್ಡು ಬಂತು, ಬಿಲ್ ಕ್ಲೋಸ್ ಮಾಡು” ಅಂತ ಟೈಪ್ ಮಾಡಿದರು. ಹೇಳಿದ ಹಾಗೇ ಏಜೆಂಟ್ ಮಾಡಿತು. ಆದರೆ ಆ ಟೂಲ್ ನಿಜವಾಗಿ ಮಾಡುತ್ತಿದ್ದದ್ದು ಬಾಕಿ ಮೊತ್ತವನ್ನು ರೈಟ್ ಆಫ್ ಮಾಡುವ, ಅಂದರೆ ಇನ್ನು ಬರುವುದಿಲ್ಲ ಅಂತ ಲೆಕ್ಕದಿಂದ ತೆಗೆದುಬಿಡುವ ಕೆಲಸ! ಬಂದ ದುಡ್ಡು ಎಲ್ಲೂ ದಾಖಲಾಗಲಿಲ್ಲ. ಟೆಸ್ಟ್ ಡೇಟಾ ಆಗಿದ್ದಕ್ಕೆ ಬಚಾವಾದೆವು.

ತಪ್ಪು ಯಾರದು? ಮಾಡೆಲ್‌ಗೆ ನಿಮ್ಮ ಕೋಡ್ ಕಾಣುವುದಿಲ್ಲ. ಟೂಲ್‌ನ ಹೆಸರು, ವಿವರಣೆ, ಅದಕ್ಕೆ ಕೊಡಬೇಕಾದ ಪ್ಯಾರಾಮೀಟರ್‌ಗಳು (ಐಡಿ, ದಿನಾಂಕ, ಮೊತ್ತದಂಥ ಮಾಹಿತಿ), ಸಾಮಾನ್ಯವಾಗಿ ಅಷ್ಟೇ ಅದರ ಕಣ್ಣಿಗೆ ಬೀಳುವುದು. ನಿಮ್ಮ ಆಫೀಸಿನಲ್ಲಿ ‘ಕ್ಲೋಸ್’ ಅಂದರೆ ಏನು ಅಂತ ಹತ್ತು ವರ್ಷದಿಂದ ಇರುವವರಿಗೆ ಗೊತ್ತು, ಅದಕ್ಕೆ ಹೇಗೆ ಗೊತ್ತಾಗಬೇಕು?

ಆಮೇಲೆ ಹೆಸರನ್ನು ‘ರೈಟ್_ಆಫ್_ಬ್ಯಾಲೆನ್ಸ್’ ಅಂತ ಬದಲಿಸಿ, ವಿವರಣೆಯನ್ನು ಹೀಗೆ ಬರೆದೆವು:

“ಇನ್‌ವಾಯ್ಸ್‌ನಲ್ಲಿ ಉಳಿದ ಬಾಕಿ ಇನ್ನು ವಸೂಲಾಗುವುದಿಲ್ಲ ಎಂದು ರೈಟ್ ಆಫ್ ಮಾಡುತ್ತದೆ. ಗ್ರಾಹಕರು ಹಣ ಕೊಟ್ಟಿದ್ದರೆ ಇದನ್ನು ಬಳಸಬೇಡ, ‘ರೆಕಾರ್ಡ್_ಪೇಮೆಂಟ್’ ಬಳಸು. ಬಿಲ್ಲೇ ತಪ್ಪಾಗಿದ್ದರೆ ‘ಕ್ಯಾನ್ಸಲ್_ಇನ್‌ವಾಯ್ಸ್’ ಬಳಸು. ಒಮ್ಮೆ ಮಾಡಿದರೆ ವಾಪಸ್ ತೆಗೆಯಲು ಆಗುವುದಿಲ್ಲ. ಮೊತ್ತವನ್ನು ಬಳಕೆದಾರರಿಗೆ ತೋರಿಸಿ, ಅವರು ಒಪ್ಪಿದ ಮೇಲೆಯೇ ಈ ಟೂಲ್ ಬಳಸು.”

ಇಲ್ಲಿ ಹೆಚ್ಚು ಕೆಲಸ ಮಾಡಿದ್ದು ‘ಬಳಸಬೇಡ’ ಅನ್ನುವ ಸಾಲು. ಯಾವಾಗ ಬಳಸಬೇಕು ಅಂತ ಎಲ್ಲರೂ ಬರೆಯುತ್ತಾರೆ, ಯಾವಾಗ ಬಳಸಬಾರದು, ಆಗ ಬದಲಿಗೆ ಯಾವುದು ಅಂತ ಬರೆಯುವುದನ್ನು ಮರೆಯುತ್ತಾರೆ. ಒಂದೇ ಥರ ಕಾಣುವ ಎರಡು ಟೂಲ್ ಇದ್ದರೆ ಎರಡರ ವಿವರಣೆಯಲ್ಲೂ ಇನ್ನೊಂದರ ಹೆಸರು ಇರಲಿ.

ಇನ್ನು ಪ್ಯಾರಾಮೀಟರ್‌ಗಳು. ನನ್ನ ಪ್ರಕಾರ ಅರ್ಧ ತಲೆನೋವು ಇಲ್ಲೇ ಇರುವುದು. ಸುಮ್ನೆ ‘ಐಡಿ’ ಅಂತ ಬರೆದರೆ ಯಾವ ಐಡಿ? ಬಿಲ್ ಮೇಲೆ ಪ್ರಿಂಟ್ ಆಗಿರುವ ನಂಬರಾ, ಡೇಟಾಬೇಸ್‌ನ ಒಳಗಿನ ಐಡಿಯಾ, ಒಳಗಿನದ್ದಾದರೆ ಅದನ್ನು ಯಾವ ಟೂಲ್‌ನಿಂದ ಪಡೆಯಬೇಕು, ಎಲ್ಲ ಬರೆಯಿರಿ. 03/04 ಅಂದರೆ ಮಾರ್ಚ್ 4 ಅಂತಲೂ ಓದಬಹುದು, ಏಪ್ರಿಲ್ 3 ಅಂತಲೂ ಓದಬಹುದು. ಹಾಗಾಗಿ “ವರ್ಷ-ತಿಂಗಳು-ದಿನ, ಉದಾಹರಣೆಗೆ 2025-04-03” ಅಂತ ಕೊಟ್ಟುಬಿಡಿ. ಮೊತ್ತದ ವಿಷಯದಲ್ಲಂತೂ ಜಾಸ್ತಿ ಹುಷಾರಾಗಿರಿ. ಎಷ್ಟೋ ಪೇಮೆಂಟ್ ಎಪಿಐಗಳು (ಬೇರೆ ಸಾಫ್ಟ್‌ವೇರ್ ಜೊತೆ ಮಾತಾಡುವ ದಾರಿಗಳು) ಮೊತ್ತವನ್ನು ಕರೆನ್ಸಿಯ ಅತಿ ಚಿಕ್ಕ ಘಟಕದಲ್ಲಿ, ಅಂದರೆ ರೂಪಾಯಿಗಾದರೆ ಪೈಸೆಯಲ್ಲಿ, ಕೇಳುತ್ತವೆ, ಅದನ್ನು ಬರೆಯದೆ ಬಿಟ್ಟರೆ ಲೆಕ್ಕ 100 ಪಟ್ಟು ಆಚೀಚೆ ಆಗುತ್ತದೆ. ಸ್ಟೇಟಸ್‌ನಂಥದ್ದಕ್ಕೆ ಮಾತಿನಲ್ಲಿ ವಿವರಿಸುವ ಬದಲು ಸ್ಕೀಮಾದಲ್ಲೇ (ಪ್ಯಾರಾಮೀಟರ್‌ಗಳ ರಚನೆ ಹೇಳುವ ಭಾಗ) ಈನಮ್, ಅಂದರೆ ಇಂಥ ಮೌಲ್ಯಗಳಷ್ಟೇ ಆಗಬಹುದು ಅನ್ನುವ ಪಟ್ಟಿ, ಹಾಕಿ.

ವಾಪಸ್ ಏನು ಬರುತ್ತದೆ ಅಂತಲೂ ಹೇಳಬೇಕು. ಹುಡುಕುವ ಟೂಲ್ ಒಂದು ಸಲಕ್ಕೆ 50 ದಾಖಲೆ ಮಾತ್ರ ಕೊಡುತ್ತದೆ ಅಂದುಕೊಳ್ಳಿ. ಅದನ್ನು ಬರೆಯದಿದ್ದರೆ “ನಿಮಗೆ ಒಟ್ಟು 50 ಗ್ರಾಹಕರಿದ್ದಾರೆ” ಅಂತ ಏಜೆಂಟ್ ಭಾರೀ ಧೈರ್ಯದಿಂದ ಹೇಳಿಬಿಡಬಹುದು. ಎರರ್ ಮೆಸೇಜ್ ಕೂಡ ವಿವರಣೆಯ ಭಾಗವೇ ಅಂದುಕೊಂಡು ಬರೆಯಿರಿ. ಬರೀ ‘400’ (ಕಳಿಸಿದ ಕೋರಿಕೆ ಸರಿಯಿಲ್ಲ ಅನ್ನುವ ಎರರ್ ಕೋಡ್) ಅಂತ ಬಂದರೆ ಏಜೆಂಟ್ ಅದೇ ಕೋರಿಕೆಯನ್ನು ಮತ್ತೆ ಮತ್ತೆ ಕಳಿಸುತ್ತಾ ಕೂರಬಹುದು. “ದಿನಾಂಕದ ಕ್ರಮ ತಪ್ಪಿದೆ, ಹೀಗೆ ಕಳಿಸು” ಅಂತ ಬಂದರೆ ತಿದ್ದಿಕೊಳ್ಳಲು ದಾರಿ ಸಿಗುತ್ತದೆ.

ಹಾಗಂತ ಪುರಾಣ ಬರೆಯಬೇಡಿ. ವಿವರಣೆಗಳು ಸಾಮಾನ್ಯವಾಗಿ ಪ್ರತಿ ಸಲವೂ ಮಾಡೆಲ್‌ಗೆ ಹೋಗುತ್ತವೆ, ಟೋಕನ್ (ಮಾಡೆಲ್ ಪಠ್ಯವನ್ನು ಒಡೆದು ಎಣಿಸುವ ಚಿಕ್ಕ ತುಣುಕು) ಖರ್ಚಾಗುತ್ತದೆ. ಸುಮ್ನೆ ಓದುವ ಟೂಲ್‌ಗೆ ಎರಡು ಸಾಲು ಸಾಕು. ದುಡ್ಡು ಕದಲಿಸುವ, ಇಮೇಲ್ ಕಳಿಸುವ, ಅಳಿಸುವ ಟೂಲ್‌ಗಳಿಗೆ ಜಿಪುಣತನ ಬೇಡ.

ಇನ್ನೊಂದು ಮಾತು, ವಿವರಣೆ ಬೀಗ ಅಲ್ಲ. “ಮ್ಯಾನೇಜರ್ ಒಪ್ಪಿಗೆ ಇಲ್ಲದೆ ಬಳಸಬೇಡ” ಅಂತ ಬರೆದ ಮಾತ್ರಕ್ಕೆ ಏಜೆಂಟ್ ಬಳಸದೇ ಇರುತ್ತದೆ ಅಂತ ನಂಬಿ ಕೂರಬೇಡಿ, ಆ ತಪಾಸಣೆ ಕೋಡ್‌ನಲ್ಲೇ ಇರಲಿ. ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್‌ನಲ್ಲಿ (ಎಐ ಆ್ಯಪ್‌ಗಳಿಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಒಂದು ಮಾನದಂಡ) ‘ಬರೀ ಓದುತ್ತದೆ’, ‘ಅಳಿಸುತ್ತದೆ’ ಅಂತ ಟೂಲ್‌ಗೆ ಗುರುತು ಹಾಕುವ ಸೌಲಭ್ಯ ಇದೆ. ಅದೂ ಬರೀ ಸುಳಿವು ಅಷ್ಟೇ, ನಂಬಿಕೆಯ ಸರ್ವರ್‌ನಿಂದ ಬಂದಿದ್ದಲ್ಲದಿದ್ದರೆ ಅದನ್ನು ನಂಬಬಾರದು ಅಂತ ಪ್ರೋಟೋಕಾಲ್‌ನ ನಿಯಮವೇ ಹೇಳುತ್ತದೆ.

ಪರೀಕ್ಷೆ ಮಾಡಲು ದೊಡ್ಡ ವ್ಯವಸ್ಥೆಯೇನೂ ಬೇಡ. ಬಳಕೆದಾರರು ನಿಜವಾಗಿ ಟೈಪ್ ಮಾಡುವಂಥ ಇಪ್ಪತ್ತು ವಾಕ್ಯ ತೆಗೆದುಕೊಳ್ಳಿ, ಅರ್ಧಂಬರ್ಧ ವಾಕ್ಯಗಳೂ ಇರಲಿ. ಟೂಲ್‌ಗಳ ಹೆಸರು, ವಿವರಣೆ ಮಾತ್ರ ಪ್ರಿಂಟ್ ಮಾಡಿ ಕೋಡ್ ನೋಡದ ಒಬ್ಬರ ಕೈಗೆ ಕೊಟ್ಟು, ಪ್ರತಿ ವಾಕ್ಯಕ್ಕೂ ಯಾವ ಟೂಲ್ ಅಂತ ಕೇಳಿ. ನಾನು ಅಕೌಂಟ್ಸ್‌ನಲ್ಲಿರುವ ಒಬ್ಬರಿಗೆ ಕೊಟ್ಟಿದ್ದೆ. ಮೂರನೇ ವಾಕ್ಯಕ್ಕೇ ಅವರು ‘ಫೈಂಡ್_ಕಸ್ಟಮರ್’ ಮೇಲೆ ಒಂದು ಬೆರಳು, ‘ಸರ್ಚ್_ಕಸ್ಟಮರ್’ ಮೇಲೆ ಇನ್ನೊಂದು ಬೆರಳು ಇಟ್ಟು “ಎರಡೂ ಒಂದೇ ಅಲ್ವಾ?” ಅಂದರು. ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಅವತ್ತೇ ಒಂದನ್ನು ತೆಗೆದು ಹಾಕಿದೆ.